ಮಗಳ ಪೋಸ್ಟ್‌ಗಳನ್ನು ಆ್ಯಪ್ ಓದಿದರೆ ಸಾಕೇ?

ಪ್ರಶ್ನೆ: ಹದಿನೇಳು ವರ್ಷದ ಮಗಳು ಕೆಲವು ವಾರಗಳಿಂದ ಮಂಕಾಗಿದ್ದಾಳೆ. ಆನ್‌ಲೈನ್ ಪೋಸ್ಟ್‌ಗಳನ್ನು ಓದಿ ಆತ್ಮಹತ್ಯೆಯ ಅಪಾಯವನ್ನು ಮೊದಲೇ ತಿಳಿಸುವ ಆ್ಯಪ್‌ಗಳಿವೆಯಂತೆ. ಅವಳಿಗೆ ತಿಳಿಯದಂತೆ ಹಾಕಬಹುದೇ?

ಉತ್ತರ: ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಗಳು ಮಂಕಾಗಿರುವುದನ್ನು ಕಣ್ಣಾರೆ ಕಂಡವರು ಅದನ್ನು ಯಂತ್ರದ ಬಾಯಿಂದಲೂ ಕೇಳಬೇಕೆಂದು ಕಾಯುವುದು ನನಗೆ ಪ್ರತಿ ಸಲವೂ ನೋವು ತರುತ್ತದೆ.

ಬರಹದಲ್ಲಿ ಸುಳಿವು ಇರುವುದು ನಿಜ. ಮಾತೆಲ್ಲ ‘ನಾನು’ ಎಂಬುದರ ಸುತ್ತಲೇ ತಿರುಗುವುದನ್ನೂ, ‘ಯಾವತ್ತೂ’, ‘ಏನೂ ಇಲ್ಲ’ ಎಂಬಂಥ ಪದಗಳು ಹೆಚ್ಚುವುದನ್ನೂ ಸಂಶೋಧಕರು ಗುರುತಿಸಿದ್ದಾರೆ. ಫೇಸ್‌ಬುಕ್ 2017ರಿಂದ ಇಂಥ ಪೋಸ್ಟ್‌ಗಳನ್ನು ತಂತ್ರಾಂಶದಿಂದ ಹೆಕ್ಕುತ್ತಿದೆ. ಆದರೆ ಲೆಕ್ಕ ಹಾಕಿ ನೋಡಿ. 1,00,000 ಯುವಜನರಲ್ಲಿ 100 ಮಂದಿ ತೀವ್ರ ಅಪಾಯದಲ್ಲಿದ್ದಾರೆ ಎಂದುಕೊಳ್ಳೋಣ. ತಂತ್ರಾಂಶ ಅವರಲ್ಲಿ ಶೇ 90ರಷ್ಟು ಮಂದಿಯನ್ನು ಹಿಡಿದು, ಅಪಾಯವಿಲ್ಲದ ಉಳಿದ ಯುವಜನರಲ್ಲಿ ಶೇ 5ರಷ್ಟು ಮಂದಿಯ ವಿಷಯದಲ್ಲಿ ಮಾತ್ರ ತಪ್ಪಿದರೂ, 90 ನಿಜವಾದ ಎಚ್ಚರಿಕೆಗಳ ಜೊತೆ ಸುಮಾರು 5,000 ಸುಳ್ಳು ಎಚ್ಚರಿಕೆಗಳು ಬರುತ್ತವೆ. ಕೈತಪ್ಪಿದ ಆ 10 ಮಂದಿಯದೇ ನನಗೆ ಹೆಚ್ಚಿನ ಭಯ, ಏಕೆಂದರೆ ಆ್ಯಪ್ ಸುಮ್ಮನಿದೆ ಎಂದು ಮನೆಯವರೂ ಸುಮ್ಮನಾಗಿಬಿಡುತ್ತಾರೆ. ‘ಎಕ್ಸಾಮ್ ಬರೆದು ಸತ್ತೇ ಹೋದೆ’ ಎಂಬ ಹರಟೆಗೆ ಗಂಟೆ ಬಾರಿಸುವ ಯಂತ್ರ, ‘ಇನ್ಮೇಲೆ ಯಾರಿಗೂ ಹೊರೆಯಾಗಲ್ಲ’ ಎಂಬ ಸಾಲನ್ನು ದಾಟಿ ಹೋಗಬಹುದು. ನನ್ನನ್ನು ಎದ್ದು ಕೂರುವಂತೆ ಮಾಡುವುದು ಆ ಎರಡನೆಯ ಸಾಲು.

ಗುಟ್ಟಾಗಿ ನೋಡುವುದಂತೂ ಇನ್ನೂ ಕೆಟ್ಟದ್ದು. ಆತ್ಮಹತ್ಯೆ ತಡೆಗಾಗಿ ದುಡಿಯುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ 2014ರಲ್ಲಿ ಟ್ವಿಟರ್ ಪೋಸ್ಟ್‌ಗಳ ಮೇಲೆ ಕಣ್ಣಿಡುವ ‘ರೇಡಾರ್’ ಎಂಬ ಆ್ಯಪ್ ತಂದು, ಬರೆದವರಿಗೇ ತಿಳಿಯದಂತೆ ಅವರನ್ನು ಗಮನಿಸಲಾಗುತ್ತಿದೆ ಎಂಬ ವಿರೋಧ ಎದ್ದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ನಿಮ್ಮ ಮಗಳಿಗೆ ತಿಳಿದರೆ ಅವಳು ನಿಮಗೆ ಕಾಣದ ಇನ್ನೊಂದು ಖಾತೆ ತೆರೆಯುತ್ತಾಳೆ.

ಇವತ್ತೇ ಅವಳ ಪಕ್ಕದಲ್ಲಿ ಕುಳಿತು ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಿದೆಯಾ ಮಗಳೇ?’ ಹೌದೆಂದರೆ ಬುದ್ಧಿ ಹೇಳಬೇಡಿ, ಒಂಟಿಯಾಗಿ ಬಿಡಬೇಡಿ, ಅಪಾಯ ತರುವ ವಸ್ತುಗಳನ್ನು ಕೈಗೆ ಸಿಗದಂತೆ ಇಡಿ, ಅಂದೇ ಮನೋವೈದ್ಯರ ಬಳಿಗೆ ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಇಲ್ಲವೆಂದರೂ ಮಂಕು ವಾರಗಟ್ಟಲೆ ಉಳಿದಿರುವುದರಿಂದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೇ?

ಉತ್ತರ: ಆಗುವುದಿಲ್ಲ, ಅಧ್ಯಯನಗಳು ಇದನ್ನು ಪರೀಕ್ಷಿಸಿ ನೋಡಿವೆ.

ಪ್ರಶ್ನೆ: ಸಾಯುತ್ತೇನೆ ಎಂದು ಬರೆದುಕೊಳ್ಳುವವರು ಸಾಯುವುದಿಲ್ಲವಂತೆ?

ಉತ್ತರ: ಶುದ್ಧ ಸುಳ್ಳು. ತೀರಿಕೊಂಡವರಲ್ಲಿ ಅನೇಕರು ಮೊದಲೇ ಯಾರೊಂದಿಗಾದರೂ ಹೇಳಿಕೊಂಡಿರುತ್ತಾರೆ.

ಪ್ರಶ್ನೆ: ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಕಳಿಸಿದರೆ ಮೂರು ದಿನದಲ್ಲಿ ಮನಸ್ಸನ್ನು ಸರಿಪಡಿಸುವೆನೆಂದು ಒಬ್ಬರು ಹಣ ಕೇಳುತ್ತಿದ್ದಾರೆ.

ಉತ್ತರ: ಅವರು ವಂಚಕರು. ಹಣವನ್ನೂ ಕೊಡಬೇಡಿ, ಮಗುವಿನ ಮಾತುಗಳನ್ನೂ ಕೊಡಬೇಡಿ.