ಕೆಳದವಡೆ ಬ್ಲಾಕ್ ಹಿಡಿಯದಿದ್ದರೆ ಮತ್ತೆ 2 ಮಿಲಿ ಕೊಡಬಹುದಾ?

ಕೆಳದವಡೆಯ ನರವನ್ನು ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ (ಬ್ಲಾಕ್) 2 ಮಿಲಿ ಲಿಗ್ನೋಕೇನ್ ಕೊಟ್ಟರೂ ತುಟಿ ಮರಗಟ್ಟದಿದ್ದರೆ ಇನ್ನೊಂದು 2 ಮಿಲಿ ಕೊಡಬಹುದಾ ಅಂತ ಹೌಸ್ ಸರ್ಜನ್ ಒಬ್ಬರು ಕೇಳಿದ್ದಾರೆ. ಆರೋಗ್ಯವಂತ ದೊಡ್ಡವರಿಗೆ ಕೊಡಬಹುದು ಡಾಕ್ಟ್ರೇ, ಆದರೆ ಅದೇ ಜಾಗಕ್ಕಲ್ಲ. ಔಷಧಿ ಸಾಲದ್ದಕ್ಕಿಂತ ಜಾಗ ತಪ್ಪಿರುವುದೇ ಹೆಚ್ಚು, ಅದರಲ್ಲೂ ಫೊರಾಮೆನ್‌ಗಿಂತ (ನರ ದವಡೆಮೂಳೆಯೊಳಗೆ ಹೋಗುವ ರಂಧ್ರ) ಕೆಳಗೆ ಬಿಟ್ಟಿರುತ್ತೀರಿ. ಎರಡನೇ ಸಲ ಸುಮಾರು 5 ಮಿ.ಮೀ. ಮೇಲೆ ಚುಚ್ಚಿ.

ಸೂಜಿ ಯಾವುದು ನೋಡಿಕೊಳ್ಳಿ. 2 ಮಿಲಿ ಸಿರಿಂಜಿನ ಜೊತೆ ಬರುವ ಒಂದಿಂಚಿನ ಸೂಜಿ ಈ ಬ್ಲಾಕಿಗೆ ಬೇಡ. ಮೂಳೆ ಸಿಗುವುದು 20–25 ಮಿ.ಮೀ. ಆಳದಲ್ಲಿ, ಸೂಜಿಯ ಉದ್ದವೇ 25. ಸೂಜಿ ಮುರಿಯುವುದು ಹಬ್ (ಸಿರಿಂಜಿಗೆ ಕೂರುವ ಬುಡ) ಹತ್ತಿರ. ಅಲ್ಲಿಯವರೆಗೂ ಒಳಗೆ ಹೋಗಿದ್ದರೆ ಹಿಡಿದೆಳೆಯಲು ತುದಿಯೇ ಉಳಿಯಲ್ಲ. ಒಂದೂವರೆ ಇಂಚಿನದು ಹಾಕಿ, ಬಗ್ಗಿಸಬೇಡಿ.

ಹೆಬ್ಬೆರಳು ಕೊರೊನಾಯ್ಡ್ ನಾಚ್‌ನಲ್ಲಿ (ದವಡೆಮೂಳೆ ಮೇಲೇರುವಲ್ಲಿ ಮುಂದಿನ ಅಂಚಿನ ತಗ್ಗು), ಸಿರಿಂಜ್ ಎದುರು ಬದಿಯ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಮೇಲೆ. ರೋಗಿ ಬಾಯಿ ಪೂರ್ತಿ ತೆರೆದಿರಬೇಕು. ಚುಚ್ಚುವುದು ರಾಫೆಯ (ಬಾಯಿ ತೆರೆದಾಗ ಕೊನೆಯ ಹಲ್ಲಿನ ಹಿಂದೆ ಕಾಣುವ ಮಡಿಕೆ) ಹೊರಬದಿಗೆ, ಕೆಳಹಲ್ಲುಗಳ ಮಟ್ಟದಿಂದ 6–10 ಮಿ.ಮೀ. ಮೇಲೆ. ಅರ್ಧ ಸೂಜಿ ಹೋಗುವ ಮೊದಲೇ ಮೂಳೆ ತಗುಲಿದರೆ ತುದಿ ತೀರಾ ಮುಂದಿದೆ: ಸ್ವಲ್ಪ ಹಿಂದೆಳೆದು ಸಿರಿಂಜನ್ನು ಮುಂದಿನ ಹಲ್ಲುಗಳ ಕಡೆ ತಂದು ಒಳಗೆ ಸಾಗಿಸಿ. ಮೂಳೆ ಸಿಗಲೇ ಇಲ್ಲವೆಂದರೆ ತೀರಾ ಹಿಂದಿದೆ: ಎಳೆದು, ಸಿರಿಂಜನ್ನು ಮೋಲಾರ್ (ಹಿಂದಿನ ದವಡೆಹಲ್ಲು) ಕಡೆ ಸರಿಸಿ. ಮೂಳೆ ಸಿಗದೆ ಪಿಸ್ಟನ್ ಒತ್ತಲೇಬೇಡಿ. ಔಷಧಿ ಪೆರೋಟಿಡ್‌ಗೆ (ಮುಖದ ನರ ಹಾದುಹೋಗುವ ಜೊಲ್ಲುಗ್ರಂಥಿ) ಹೋದರೆ ಅದೇ ಬದಿಯ ಕಣ್ಣು ಮುಚ್ಚಲು ಬರಲ್ಲ. ಗಂಟೆಗಳಲ್ಲಿ ಸರಿಹೋಗುತ್ತದೆ, ಆದರೆ ಅಷ್ಟರಲ್ಲಿ ಮನೆಯವರು ಪಾರ್ಶ್ವವಾಯು ಅಂತ ಗಾಬರಿಯಾಗಿರುತ್ತಾರೆ.

ಮೂಳೆ ತಗುಲಿದ ಮೇಲೆ 1 ಮಿ.ಮೀ. ಹಿಂದೆಳೆದು ಆಸ್ಪಿರೇಟ್ ಮಾಡಿ, ಅಂದರೆ ಪಿಸ್ಟನ್ ಎಳೆದು ರಕ್ತ ಬರುತ್ತದಾ ನೋಡಿ. ಈ ಬ್ಲಾಕಿನಲ್ಲಿ ನೂರಕ್ಕೆ ಹತ್ತು ಹದಿನೈದು ಸಲ ರಕ್ತ ಬರುತ್ತದೆ. ಬಂದರೆ ಜಾಗ ಬದಲಿಸಿ ಮತ್ತೊಮ್ಮೆ ಆಸ್ಪಿರೇಟ್. ನಂತರ ಒಂದು ನಿಮಿಷಕ್ಕೆ 1 ಮಿಲಿಯಂತೆ ನಿಧಾನ. ಐದು ನಿಮಿಷ ಕಾಯದೆ "ಹಿಡಿದಿಲ್ಲ" ಅನ್ನಬೇಡಿ. ತುಟಿ ಪೂರ್ತಿ ಮರಗಟ್ಟಿಯೂ ಹಲ್ಲು ಮುಟ್ಟಿದರೆ ಚೀರುತ್ತಾರಾ? ಅದು ಉರಿಯೂತದ ಪಲ್ಪಿನ (ಹಲ್ಲಿನೊಳಗಿನ ನರವಿರುವ ಮೆದು ಭಾಗ) ಸಮಸ್ಯೆ; ಬ್ಲಾಕ್ ಮತ್ತೆ ಕೊಡುವುದಕ್ಕಿಂತ ಇಂಟ್ರಾಲಿಗಮೆಂಟರಿ (ಹಲ್ಲು-ಮೂಳೆಯ ನಡುವಿನ ಲಿಗಮೆಂಟಿಗೆ ಕೊಡುವ ಇಂಜೆಕ್ಷನ್) ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ಎರಡನೇ 2 ಮಿಲಿ. 2% ಲಿಗ್ನೋಕೇನ್ ಅಂದರೆ ಮಿಲಿಗೆ 20 ಮಿ.ಗ್ರಾಂ. ಮಕ್ಕಳಿಗೆ ಕೆಜಿಗೆ 4.4 ಮಿ.ಗ್ರಾಂ. ಲೆಕ್ಕ ಹಿಡಿದರೆ 15 ಕೆಜಿ ಮಗುವಿಗೆ ಒಟ್ಟು 3.3 ಮಿಲಿ, ಅಷ್ಟೇ. 2+2 ಅಲ್ಲೇ ದಾಟಿತು. ಹೃದ್ರೋಗಿಗೂ ಹಾಗೇ: ಲಿಗ್ನೋಕೇನ್ ಜೊತೆ ಬೆರೆತಿರುವ ಅಡ್ರಿನಲಿನ್ ಮಿತಿ 40 ಮೈಕ್ರೋಗ್ರಾಂ, 1:80,000 ವಯಲ್‌ನಲ್ಲಿ ಮಿಲಿಗೆ 12.5, ಅಂದರೆ ಸುಮಾರು 3 ಮಿಲಿ. ಹಾಗಾಗಿ ಸಿರಿಂಜ್ ತುಂಬುವ ಮೊದಲೇ ತೂಕ ಕೇಳಿ ಕೇಸ್ ಶೀಟಿನಲ್ಲಿ ಮಿತಿ ಬರೆದಿಡಿ. ಮಕ್ಕಳಲ್ಲಿ ಫೊರಾಮೆನ್ ಕೆಳಗಿರುತ್ತದೆ, 6–10 ಮಿ.ಮೀ. ಲೆಕ್ಕ ಅಲ್ಲಿ ನಡೆಯಲ್ಲ. ಹಲ್ಲುಗಳ ಮಟ್ಟದಲ್ಲೇ ಚುಚ್ಚಬೇಕು. ಮರಗಟ್ಟಿದ್ದು ಬಿಡುವವರೆಗೆ ಮಗು ತುಟಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳಲು ತಾಯಿಗೆ ಹೇಳಿ ಕಳಿಸಿ.