ದೇವರಾಯನದುರ್ಗದಲ್ಲಿ ಕೆಂದಳಿಲು ಯಾಕಿಲ್ಲ?

ಪ್ರಶ್ನೆ: ರಜೆಯಲ್ಲಿ ಮಕ್ಕಳ ಜೊತೆ ಭದ್ರಾ ಕಾಡಿಗೆ ಹೋಗಿದ್ದೆವು. ಅಲ್ಲಿ ಬೆಕ್ಕಿನಷ್ಟು ದೊಡ್ಡ, ಕೆಂಪು ಮೈಯ ಅಳಿಲು ನೋಡಿದೆವು. ನಮ್ಮ ತೋಟದಲ್ಲಿ ಬರೀ ಸಣ್ಣ ಇಣಚಿಗಳು. ದೇವರಾಯನದುರ್ಗದಲ್ಲೂ ಕಾಡಿದೆ, ಆದರೆ ಅಲ್ಲಿ ಇದನ್ನು ಒಮ್ಮೆಯೂ ಕಂಡಿಲ್ಲ. ಒಂದು ಜೋಡಿ ತಂದು ಬಿಟ್ಟರೆ ಬದುಕುತ್ತವಾ? ಇವು ಅಳಿವಿನ ಅಂಚಿನಲ್ಲಿವೆಯಾ?
– ಗುಬ್ಬಿ ತಾಲ್ಲೂಕಿನ ತೆಂಗು ಬೆಳೆಗಾರರು

ಉತ್ತರ: ನೀವು ನೋಡಿದ್ದು ಕೆಂದಳಿಲು. ಭಾರತ ಬಿಟ್ಟರೆ ಬೇರೆ ಯಾವ ದೇಶದ ಕಾಡಲ್ಲೂ ಇದು ಇಲ್ಲ. ತೂಕ ಒಂದೂವರೆಯಿಂದ 2 ಕೆ.ಜಿ. ನಿಮ್ಮ ತೋಟದ ಇಣಚಿ ನೂರು ಗ್ರಾಂ ಆಚೀಚೆ, ಅಷ್ಟೇ.

ಇದು ಹಣ್ಣು ತಿನ್ನುವುದನ್ನು ನೋಡಿದಿರಾ? ಹಿಂಗಾಲಿನಲ್ಲಿ ಕೊಂಬೆ ಹಿಡಿದು ತಲೆಕೆಳಗಾಗಿ ಜೋಲುತ್ತದೆ. ಮುಂಗೈ ಎರಡರಲ್ಲೂ ಹಣ್ಣು ತಿರುಗಿಸುತ್ತಾ ಕಡಿಯುತ್ತದೆ. ಮೈಗಿಂತ ಉದ್ದದ ಬಾಲ ಕೊಂಬೆಯ ಆ ಕಡೆ ಇಳಿಬಿದ್ದು ತಕ್ಕಡಿಯ ಹಾಗೆ ತೂಕ ಸರಿ ಮಾಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಇದರ ಊಟ, ನಿದ್ದೆ, ಓಡಾಟ ಎಲ್ಲ ಮರದ ಮೇಲೇ. ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಒಂದು ಮರದಿಂದ ಇನ್ನೊಂದಕ್ಕೆ 20 ಅಡಿಯವರೆಗೂ ಹಾರಬಲ್ಲದು. ಒಂದೇ ಅಳಿಲು ಕಡ್ಡಿ, ಎಲೆ ಸೇರಿಸಿ ಹಲವು ಗೂಡು ಕಟ್ಟಿಕೊಳ್ಳುತ್ತದೆ. ಅದೂ ತೆಳು ಕೊಂಬೆಯ ತುದಿಯಲ್ಲಿ, ಭಾರದ ಪ್ರಾಣಿ ಬರಲಾಗದ ಕಡೆ. ಇದಕ್ಕೆಲ್ಲ ನೆತ್ತಿಗೆ ನೆತ್ತಿ ತಾಗುವ ಮರಗಳು ಬೇಕು.

ದೇವರಾಯನದುರ್ಗದ್ದು ಒಣ ಕಾಡು. ಎಲೆ ಉದುರಿಸುವ ಮರ, ಕುರುಚಲು, ನಡುನಡುವೆ ಬಂಡೆ, ಬಯಲು. ಹಾಗಾಗಿ ನೆತ್ತಿಗೆ ನೆತ್ತಿ ತಾಗುವುದಿಲ್ಲ. ಮಳೆ ಕಡಿಮೆ ಅನ್ನುವುದೊಂದೇ ಕಾರಣ ಅಲ್ಲ. ಬಂಡೀಪುರದ ಒಣ ಕಾಡಲ್ಲೂ ಕೆಂದಳಿಲು ಇದೆ. ಇದರ ಹತ್ತಿರದ ನೆಂಟ ಬೂದು ಬಣ್ಣದ ದೊಡ್ಡಳಿಲು ಕಾವೇರಿ ವನ್ಯಧಾಮದಲ್ಲಿದೆ. ಅಲ್ಲಿ ಸುತ್ತ ಒಣ ಗುಡ್ಡ. ಹೊಳೆ ದಂಡೆಯ ಮತ್ತಿ ಮರಗಳ ಸಾಲೇ ಅದಕ್ಕೆ ಮನೆ, ಅದೇ ದಾರಿ.

ಹಾಗಾಗಿ ತಂದು ಬಿಡುವ ಯೋಚನೆ ದಯವಿಟ್ಟು ಬೇಡ. ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ಕೊಂಬೆ ಸಿಗದೆ ಅದು ನೆಲಕ್ಕಿಳಿದರೆ ನಾಯಿ ಪಾಲಾಗುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯುವುದೇ ಅಪರಾಧ.

ಅಳಿವಿನ ಅಂಚು ಅಂತ ಈಗಲೇ ಹೇಳಲಾಗದು. ಜೀವಿಗಳ ಅಳಿವು-ಉಳಿವಿನ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಕೆಂದಳಿಲನ್ನು ಕಡಿಮೆ ಆತಂಕದ ಗುಂಪಿಗೆ ಸೇರಿಸಿದೆ. ಆದರೆ ಸಂಖ್ಯೆ ಇಳಿಯುತ್ತಿದೆ ಎಂದೂ ಅದೇ ಹೇಳುತ್ತದೆ. ಬೂದು ಅಳಿಲಿನ ಸ್ಥಿತಿ ಇನ್ನೂ ನಾಜೂಕು. ಮಲೆನಾಡಿನಲ್ಲಿ ಒಂದು ರಸ್ತೆ ಅಗಲವಾದರೆ, ಒಂದು ವಿದ್ಯುತ್ ಲೈನ್ ಹಾದರೆ ನೆತ್ತಿಯ ದಾರಿ ತುಂಡಾಗುತ್ತದೆ. ಕಾಡು ಹಾಗೇ ಇದೆಯಲ್ಲ ಅಂತ ನಮಗನ್ನಿಸುತ್ತದೆ, ಅಳಿಲಿಗೆ ಅದು ಎರಡು ಕಾಡು. ಕಾಫಿ ತೋಟದಲ್ಲಿ ಹಣ್ಣು ಬಿಡುವ ಕಾಡುಮರ ತೆಗೆದು ಸಿಲ್ವರ್ ಓಕ್ ನೆಟ್ಟರೆ ಊಟವೂ ಹೋಯಿತು.

ನಿಮ್ಮ ಜಿಲ್ಲೆಯಲ್ಲೇ ಇದೇ ಕಷ್ಟದ ಪ್ರಾಣಿಯೊಂದಿದೆ: ದೊಡ್ಡ ಕಣ್ಣಿನ ಪುಟ್ಟ ಕಾಡುಪಾಪ (ಸ್ಲೆಂಡರ್ ಲೋರಿಸ್). ತುಮಕೂರು ತಾಲ್ಲೂಕಿನ ನಾಗವಲ್ಲಿ ಇದಕ್ಕೇ ಹೆಸರಾದ ಊರು. ಪಾಪ, ಇದಕ್ಕೆ ಹಾರಲೂ ಬರುವುದಿಲ್ಲ. ರಾತ್ರಿ ಒಂದು ಕೊಂಬೆ ಹಿಡಿದೇ ಇನ್ನೊಂದಕ್ಕೆ ಕೈ ಚಾಚುತ್ತದೆ. ನಿಮ್ಮ ಬದುವಿನ ಹೊಂಗೆ, ಹುಣಸೆ ಸವರುವಾಗ ಪಕ್ಕದ ಮರಕ್ಕೆ ತಾಗುವ ಒಂದೆರಡು ಕೊಂಬೆ ಹಾಗೇ ಬಿಡಿ. ಮಕ್ಕಳನ್ನೂ ಕರೆದು ತೋರಿಸಿ, ಯಾವ ಕೊಂಬೆ ಬಿಟ್ಟಿರಿ, ಯಾಕೆ ಅಂತ.