ಮೊನಾಕೊದ ರಸ್ತೆ ಕಿರಿದಾಗಿಲ್ಲ, ಕಾರು ಹಿಗ್ಗಿದೆ

ಪ್ರಶ್ನೆ: ಊರಿನ ರಸ್ತೆಗಳಲ್ಲೇ ನಡೆಯುವ ಮೊನಾಕೊ ಕಾರು ರೇಸಿನಲ್ಲಿ ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ. ಈ ಮೆರವಣಿಗೆಯನ್ನು ಫಾರ್ಮುಲಾ ಒನ್ ಪಟ್ಟಿಯಿಂದ ಏಕೆ ತೆಗೆಯಬಾರದು?

ಉತ್ತರ: ಪ್ರತಿ ವರ್ಷ ರೇಸ್ ಮುಗಿದ ಕೂಡಲೇ ಇದೇ ಪ್ರಶ್ನೆ. ಕೇಳುವವರು ಭಾನುವಾರದ ಓಟವನ್ನಷ್ಟೇ ನೋಡಿರುತ್ತಾರೆ. ಮೊನಾಕೊದ ನಿಜವಾದ ಸ್ಪರ್ಧೆ, ಭಾನುವಾರ ಹೊರಡುವ ಕ್ರಮವನ್ನು ನಿರ್ಧರಿಸುವ ಶನಿವಾರದ ಅರ್ಹತಾ ಸುತ್ತಿನಲ್ಲಿದೆ. 3.337 ಕಿಲೋಮೀಟರಿನ ಮಾರ್ಗವನ್ನು ಸುತ್ತುವಾಗ ಟೈರು ತಡೆಬೇಲಿಗೆ ಸವರಿಕೊಂಡೇ ಹೋಗಬೇಕು. ತುಸು ದೂರ ಸರಿದರೆ ಸಮಯ ನಷ್ಟ, ತುಸು ಹತ್ತಿರವಾದರೆ ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಮುರಿಯುತ್ತದೆ. ತಪ್ಪಿದವನಿಗೆ ಸಾವರಿಸಿಕೊಳ್ಳಲು ಪಕ್ಕದಲ್ಲಿ ಜಾಗವೇ ಇಲ್ಲ. ಅಲ್ಲಿ ಆರು ಬಾರಿ ಗೆದ್ದ ಬ್ರೆಜಿಲ್‌ನ ಚಾಲಕ ಐರ್ಟನ್ ಸೆನ್ನಾ ಅವರ ಹಿರಿಮೆಯನ್ನು ಅಳೆಯಬೇಕಾದದ್ದು ಇಲ್ಲಿ.

ಇನ್ನು ಹಿಂದಿಕ್ಕುವ ವಿಷಯ. ಆಂಟನಿ ನೊಗೆಸ್ 1929ರಲ್ಲಿ ಇಲ್ಲಿನ ಮೊದಲ ಗ್ರಾಂ ಪ್ರಿ (ಈ ರೇಸು) ಏರ್ಪಡಿಸಿದಾಗಿನ ಮಾರ್ಗ ಬಹುಮಟ್ಟಿಗೆ ಇಂದಿಗೂ ಉಳಿದಿದೆ. ಈಜುಕೊಳದ ಸುತ್ತಲಿನ ತಿರುವುಗಳು ಸೇರಿದ್ದು 1973ರಲ್ಲಿ. ಬೆಳೆದದ್ದು ಕಾರು. 2017ರಲ್ಲಿ ಅದರ ಅಗಲ 1.8 ಮೀಟರಿನಿಂದ 2 ಮೀಟರಿಗೆ ಏರಿತು, ಉದ್ದವೂ ಹೆಚ್ಚಿತು. 2024ರಲ್ಲಿ ಮೊದಲ ಸುತ್ತಿನಲ್ಲೇ ಕೆಂಪು ಬಾವುಟ ಬಂದು ಓಟ ನಿಂತಾಗ ಉಳಿದವರೆಲ್ಲ ಟೈರು ಬದಲಿಸಿಕೊಂಡರು, ಕಡ್ಡಾಯವಾಗಿದ್ದ ಬದಲಾವಣೆ ಅಲ್ಲಿಗೇ ಮುಗಿಯಿತು. ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲೇ ಗುರಿ ಮುಟ್ಟಿದರು. ಮರುವರ್ಷ ಎರಡು ಬಾರಿ ಟೈರು ಬದಲಿಸುವುದನ್ನು ಕಡ್ಡಾಯ ಮಾಡಿದರೆ, ಕೆಲವು ತಂಡಗಳು ಒಂದು ಕಾರನ್ನು ನಿಧಾನವಾಗಿ ಓಡಿಸಿ ಹಿಂದಿನವರನ್ನು ತಡೆದು, ತಮ್ಮ ಇನ್ನೊಂದು ಕಾರಿಗೆ ದಾರಿ ಮಾಡಿಕೊಟ್ಟವು. ಇಂಥ ತೇಪೆಗಳಿಂದ ನನಗೆ ಸಿಟ್ಟು ಬರುತ್ತದೆ. ರಸ್ತೆ ಅಗಲಿಸಿ ಎನ್ನುವವರು ನಕ್ಷೆ ನೋಡಲಿ: ಒಂದೆಡೆ ಗುಡ್ಡ, ಇನ್ನೊಂದೆಡೆ ಬಂದರು. ಕಾರನ್ನೇ ಕುಗ್ಗಿಸಬೇಕು. 2026ರ ನಿಯಮ ಅಗಲದಲ್ಲಿ 10 ಸೆಂಟಿಮೀಟರ್ ಇಳಿಸಿದೆ, ಅದು ಸಾಲದು.

ಅಸಾಧ್ಯ ಎಂಬ ಮಾತು ಮಾತ್ರ ಬೇಡ. 1996ರ ಮಳೆಯಲ್ಲಿ ಒಲಿವಿಯೇ ಪಾನಿಸ್ 14ನೇ ಸ್ಥಾನದಿಂದ ಹೊರಟು ಗೆದ್ದರು.

ಪ್ರಶ್ನೆ: ಕಾರು ಸಮುದ್ರಕ್ಕೆ ಬಿದ್ದದ್ದು ಕಟ್ಟುಕಥೆಯೇ?

ಉತ್ತರ: ಕಟ್ಟುಕಥೆಯಲ್ಲ, ನಿಜ. 1955ರಲ್ಲಿ ಅಲ್ಬರ್ಟೊ ಅಸ್ಕಾರಿ, 1965ರಲ್ಲಿ ಪಾಲ್ ಹಾಕಿನ್ಸ್. ಇಬ್ಬರೂ ಬದುಕಿ ಬಂದರು.

ಪ್ರಶ್ನೆ: ಗಾಳಿಯ ಒತ್ತಡದ ಬಲದಿಂದ ಅಲ್ಲಿನ ಸುರಂಗದ ಚಾವಣಿಗೆ ಅಂಟಿಕೊಂಡು ಕಾರು ಓಡಬಲ್ಲದಂತೆ?

ಉತ್ತರ: ಯಾರೂ ಓಡಿಸಿಲ್ಲ. ತಲೆಕೆಳಗಾದರೆ ಎಂಜಿನ್ನಿಗೆ ಎಣ್ಣೆ, ಇಂಧನ ಸರಿಯಾಗಿ ತಲುಪುವುದಿಲ್ಲ. ವಿಡಿಯೊ ಮಾಡಿ ಇದನ್ನು ವಿಜ್ಞಾನವೆಂದು ಹಂಚುವವರನ್ನು ನಂಬಬೇಡಿ.

ಪ್ರಶ್ನೆ: ರಾತ್ರಿ ಖಾಲಿ ರಸ್ತೆಯಲ್ಲಿ ಇಂಥ ತಿರುವುಗಳನ್ನು ಅಭ್ಯಾಸ ಮಾಡಬಹುದೇ?

ಉತ್ತರ: ಖಂಡಿತ ಕೂಡದು. ರೇಸಿಗೆ ಮುನ್ನ ಅಲ್ಲಿ ಚರಂಡಿ ಮುಚ್ಚಳಗಳನ್ನೂ ಬಿಗಿಯುತ್ತಾರೆ, ತಡೆಬೇಲಿ ಹಾಕುತ್ತಾರೆ, ಮಾರ್ಷಲ್‌ಗಳನ್ನು (ಸುರಕ್ಷತಾ ಸಿಬ್ಬಂದಿಯನ್ನು) ನಿಲ್ಲಿಸುತ್ತಾರೆ. ಹುಲ್ಲಿನ ಕಟ್ಟುಗಳನ್ನೇ ರಕ್ಷಣೆ ಎಂದು ನಂಬಿದ್ದ 1967ರಲ್ಲಿ ಅವು ಅಪಘಾತದ ಬೆಂಕಿಯನ್ನು ಹೆಚ್ಚಿಸಿದವು. ಆ ಕಾರಿನ ಚಾಲಕ ಲೊರೆಂಜೊ ಬಂದಿನಿ ಸುಟ್ಟಗಾಯಗಳಿಂದ ಮೂರು ದಿನಗಳ ಬಳಿಕ ತೀರಿಕೊಂಡರು. ಕಲಿಯುವ ಆಸೆಯಿದ್ದರೆ ಹೆಲ್ಮೆಟ್ ತೊಟ್ಟು ಪುಟ್ಟ ರೇಸ್ ಕಾರುಗಳ ಕಾರ್ಟಿಂಗ್ ಟ್ರ್ಯಾಕಿಗೆ ಹೋಗಿ.